ಬಹುಸಂವೇದನಾ ಪರಿಸರ (ಸ್ವಲೀನತೆಯ ಚಿಕಿತ್ಸೆಯಲ್ಲಿ)

ಬೆಳಕು, ಸದ್ದು, ಸ್ಪರ್ಶ, ಕಂಪನಗಳನ್ನು ಬೇಕಾದಷ್ಟೇ ಇಟ್ಟುಕೊಂಡು, ಬೇಡವಾದದ್ದನ್ನು ಹೊರಗಿಟ್ಟು ಸಜ್ಜುಗೊಳಿಸಿದ ಕೋಣೆಗೆ ಬಹುಸಂವೇದನಾ ಪರಿಸರ ಎನ್ನುತ್ತಾರೆ. ಆಸ್ಪತ್ರೆ, ಶಾಲೆಗಳಲ್ಲಿ ಬಳಕೆಯಲ್ಲಿರುವ ಹೆಸರು ಸೆನ್ಸರಿ ರೂಮ್. ಸ್ವಲೀನತೆ, ಅಂದರೆ ಆಟಿಸಂ ಇರುವ ಮಕ್ಕಳಿಗೆ ಇದನ್ನು ಹೆಚ್ಚಾಗಿ ಬಳಸುತ್ತಾರೆ.

ಕುಕ್ಕರಿನ ಸೀಟಿ ಕೇಳಿದೊಡನೆ ಕಿವಿ ಮುಚ್ಚಿಕೊಂಡು ಚೀರುವ ಮಗು, ಬಿದ್ದು ಮೊಣಕಾಲು ತರಚಿದರೂ ಅಳದೇ ಇರಬಹುದು. ಒಂದು ಇಂದ್ರಿಯ ಅತಿಯಾಗಿ ಸ್ಪಂದಿಸಿದರೆ ಇನ್ನೊಂದು ಅಷ್ಟಾಗಿ ಸ್ಪಂದಿಸದೇ ಇರಬಹುದು. ಮನೋವೈದ್ಯ ಲಿಯೋ ಕ್ಯಾನರ್ 1943ರಲ್ಲಿ ಸ್ವಲೀನತೆಯನ್ನು ವಿವರಿಸಿದಾಗಲೇ ದೊಡ್ಡ ಸದ್ದಿಗೆ ಮಕ್ಕಳು ಬೆಚ್ಚುವುದನ್ನು ಬರೆದಿದ್ದರು. ಆದರೂ ಅಮೆರಿಕದ ಮನೋವೈದ್ಯರ ರೋಗನಿರ್ಣಯ ಕೈಪಿಡಿಯಲ್ಲಿ ಇಂದ್ರಿಯಗಳ ಇಂಥ ಏರುಪೇರು ಸ್ವಲೀನತೆಯ ಲಕ್ಷಣವಾಗಿ ಸೇರಿದ್ದು 2013ರಲ್ಲಿ. ಅಷ್ಟು ವರ್ಷ ಇಂಥ ಮಕ್ಕಳನ್ನು ಹಟಮಾರಿಗಳೆಂದು ಗದರಿಸಿದ್ದು ದೊಡ್ಡ ಅನ್ಯಾಯ. ಬೆಳಗಾವಿಯ ಖಡೇ ಬಜಾರಿನ ಹಾರ್ನು, ಗಣಪತಿ ವಿಸರ್ಜನೆಯ ಡೋಲು ನಮಗೆ ಬರೀ ಗದ್ದಲ. ಈ ಮಕ್ಕಳಲ್ಲಿ ಕೆಲವರಿಗೆ ಅದು ನಿಜವಾದ ನೋವು.

ಬಹುಸಂವೇದನಾ ಕೋಣೆಯ ಕಲ್ಪನೆ ಬೆಳೆದದ್ದು 1970ರ ದಶಕದ ನೆದರ್ಲೆಂಡ್ಸ್‌ನಲ್ಲಿ. ತೀವ್ರ ಬೌದ್ಧಿಕ ಅಸಾಮರ್ಥ್ಯ ಇದ್ದವರ ನೆಮ್ಮದಿಗಾಗಿ ಯಾನ್ ಹುಲ್ಸೆಗ್ಗೆ ಮತ್ತು ಆಡ್ ವೆರ್‌ಹೂಲ್ ಇಂಥ ಕೋಣೆಗಳನ್ನು ರೂಪಿಸಿ, ಮೂಸುವುದು, ತೂಕಡಿಸುವುದು ಎಂಬ ಅರ್ಥದ ಎರಡು ಡಚ್ ಪದಗಳನ್ನು ಕೂಡಿಸಿ ಸ್ನೂಜೆಲೆನ್ ಎಂದು ಹೆಸರಿಟ್ಟರು. ಅಮೆರಿಕದ ಜೀನ್ ಏರ್ಸ್ ಕಟ್ಟಿದ ಸಂವೇದನಾ ಸಮನ್ವಯ ಚಿಕಿತ್ಸೆ ಬೇರೆ. ಅದರಲ್ಲಿ ತರಬೇತಿ ಪಡೆದ ಆಕ್ಯುಪೇಷನಲ್ ಥೆರಪಿಸ್ಟ್ ಗುರಿಯಿಟ್ಟು ಆಟ ಆಡಿಸುತ್ತಾರೆ. ಎರಡನ್ನೂ ಒಂದೇ ಎಂದು ಹೇಳಿ ಶುಲ್ಕ ಕೇಳುವುದು ಸರಿಯಲ್ಲ.

ಕೋಣೆಯಲ್ಲಿ ಸಾಮಾನ್ಯವಾಗಿ ಆಳೆತ್ತರದ ಬಬಲ್ ಟ್ಯೂಬ್ ಇರುತ್ತದೆ. ನೀರು ತುಂಬಿದ ಪಾರದರ್ಶಕ ಕೊಳವೆಯಲ್ಲಿ ಗುಳ್ಳೆಗಳು ಏಳುತ್ತವೆ, ಬಣ್ಣ ಬದಲಾಗುತ್ತದೆ. ಮಗು ಕೆನ್ನೆ ಒತ್ತಿದರೆ ಸಣ್ಣ ನಡುಕ ತಾಕುತ್ತದೆ. ದಪ್ಪ ಗುಂಡಿ ಒತ್ತಿದರೆ ನೀಲಿ ಹೋಗಿ ಹಸಿರು ಬರುತ್ತದೆ. ಮಗು ಮತ್ತೆ ಒತ್ತುತ್ತದೆ, ಕೊಳವೆ ನೋಡುತ್ತದೆ, ಆಮೇಲೆ ಪಕ್ಕದಲ್ಲಿ ಕೂತವರ ಮುಖ ನೋಡಬಹುದು. ಥೆರಪಿಸ್ಟ್ ಕಾಯುವುದು ಆ ನೋಟಕ್ಕೆ.

ಆ ಗುಂಡಿ ಮಗುವಿನ ಕೈಯಲ್ಲಿರುವುದು ಮುಖ್ಯವೆಂದು ಬ್ರಿಟನ್ನಿನ ಕಾರ್ಡಿಫ್ ವಿಶ್ವವಿದ್ಯಾಲಯದ ಅಧ್ಯಯನ ಹೇಳುತ್ತದೆ. 2021ರಲ್ಲಿ ಪ್ರಕಟವಾದ ಅದರಲ್ಲಿ 4ರಿಂದ 12 ವರ್ಷದ 41 ಮಕ್ಕಳಿದ್ದರು. ಉಪಕರಣಗಳ ನಿಯಂತ್ರಣ ತಮ್ಮ ಕೈಯಲ್ಲೇ ಇದ್ದಾಗ ಮಕ್ಕಳ ಗಮನ ಹೆಚ್ಚಿತು, ಪದೇ ಪದೇ ಮಾಡುವ ಚಲನೆಗಳು ತಗ್ಗಿದವು. ಇದು ಕೋಣೆಯೊಳಗಿನ ಬದಲಾವಣೆ. ಹೊರಬಂದ ಮೇಲೆ ಮಾತು, ಕಲಿಕೆ ಸುಧಾರಿಸುತ್ತದೆ ಎನ್ನಲು ಗಟ್ಟಿ ಪುರಾವೆ ಇಲ್ಲ. ಸಂವೇದನಾ ಸಮನ್ವಯ ಚಿಕಿತ್ಸೆಯನ್ನೂ ಬ್ರಿಟನ್ನಿನಲ್ಲಿ 138 ಮಕ್ಕಳಲ್ಲಿ ಪರೀಕ್ಷಿಸಿ 2022ರಲ್ಲಿ ವರದಿ ಮಾಡಿದಾಗ, ಸಾಮಾನ್ಯ ಆರೈಕೆಗಿಂತ ಹೆಚ್ಚಿನ ಲಾಭ ಕಾಣಲಿಲ್ಲ. ಎರಡೂ ಅಧ್ಯಯನಗಳ ಮಕ್ಕಳು ನಾಲ್ಕು ವರ್ಷ ದಾಟಿದವರು. ಎರಡು, ಮೂರು ವರ್ಷದವರ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಸ್ವಲೀನತೆಯ ಜೊತೆ ಮೂರ್ಛೆರೋಗ ಇರುವುದು ಅಪರೂಪವಲ್ಲ. ಆದ್ದರಿಂದ ಮಿನುಗುವ ದೀಪ ಹಚ್ಚುವ ಮುನ್ನ ವೈದ್ಯರನ್ನು ಕೇಳಲೇಬೇಕು.

ದುಬಾರಿ ಉಪಕರಣ ಇಲ್ಲವೆಂದು ಬೆಳಗಾವಿ ಜಿಲ್ಲೆಯ ಖಾನಾಪುರದ ತಾಯಿ ಕೊರಗಬೇಕಿಲ್ಲ. ಇಲ್ಲಿನ ಜೇಡಿಮಣ್ಣು ಕುಂಬಾರಿಕೆಗೆ ಹೆಸರಾದದ್ದು, ಕೇಂದ್ರೀಯ ಗ್ರಾಮೀಣ ಕುಂಬಾರಿಕೆ ಸಂಸ್ಥೆ ಇರುವುದೂ ಈ ಊರಿನಲ್ಲೇ. ಹದವಾದ ಮಣ್ಣಿನ ಮುದ್ದೆಯನ್ನು ಒತ್ತುವುದು, ಹಿಂಡುವುದು ಕೈಗೆ ಒಳ್ಳೆಯ ಸ್ಪರ್ಶಾನುಭವ. ಪರಾತದಲ್ಲಿ ಅಕ್ಕಿ ಹರಡಿ ಕೈಯಾಡಿಸಲು ಬಿಡಬಹುದು. ಪಂಚಮಿಗೆ ಕಟ್ಟುವ ಜೋಕಾಲಿಯನ್ನು ವರ್ಷವಿಡೀ ಇಟ್ಟರೆ ಸಮತೋಲನದ ಆಟಕ್ಕಾಯಿತು. ಅಜ್ಜಿ ಹೊಲಿದ ಕೌದಿಯ ಭಾರ ಕೆಲವು ಮಕ್ಕಳಿಗೆ ಹಿತ. ಮುಖ ಮುಚ್ಚಬಾರದು, ದೊಡ್ಡವರು ಪಕ್ಕದಲ್ಲಿರಬೇಕು, ಮಗು ಬೇಡವೆಂದ ಕೂಡಲೇ ತೆಗೆಯಬೇಕು. ಯಾವುದು ಹಿತ, ಯಾವುದು ಕಿರಿಕಿರಿ ಎಂದು ವಾರಗಟ್ಟಲೆ ಗಮನಿಸಿ ಬರೆದಿಟ್ಟ ತಾಯಿಯ ಟಿಪ್ಪಣಿ ಥೆರಪಿಸ್ಟ್‌ಗೆ ಬಹಳ ಉಪಯುಕ್ತ.

ಕರ್ನಾಟಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಮತ್ತು 1965ರಲ್ಲಿ ಸ್ಥಾಪನೆಯಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಸ್ವಲೀನತೆಯ ತಪಾಸಣೆಗೆ ಹೆಸರಾದವು. ಬೆಳಗಾವಿಯಿಂದ ಬೆಂಗಳೂರು ಸುಮಾರು 500 ಕಿಲೋಮೀಟರ್ ದೂರ. ವಾರಕ್ಕೆರಡು ಸಲ ಬೇಕಾದ ಚಿಕಿತ್ಸೆಗೆ ಅಷ್ಟು ದೂರ ಅಲೆಯುವುದು ಆಗದ ಮಾತು, ಹಾಗಾಗಿ ಜಿಲ್ಲಾ ಮಟ್ಟದ ವ್ಯವಸ್ಥೆಯೇ ಗಟ್ಟಿಯಾಗಬೇಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯರ ತಂಡ ವರ್ಷಕ್ಕೆ ಎರಡು ಬಾರಿ ಅಂಗನವಾಡಿಗೆ ಬರಬೇಕು, ತೊಂದರೆ ಕಂಡ ಮಕ್ಕಳನ್ನು ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳುಹಿಸಬೇಕು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಅಸಾಮರ್ಥ್ಯಗಳಲ್ಲಿ ಸ್ವಲೀನತೆಯೂ ಒಂದು. ಮಗು ಹೆಸರು ಕರೆದರೆ ತಿರುಗುವುದಿಲ್ಲ, ಸದ್ದಿಗೆ ವಿಪರೀತ ಹೆದರುತ್ತದೆ ಎನ್ನಿಸಿದರೆ ಅಂಗನವಾಡಿ ಅಕ್ಕನಿಗೆ ಇಂದೇ ಹೇಳಿ. ಈ ತಪಾಸಣೆ ಉಚಿತ.