ತಾಮ್ರದ ಅಲಗು, ಕಬ್ಬಿಣದ ಒಡವೆ

ಅಲಂಪುರದ ಇತಿಹಾಸ ಬರೆಯಲು ಕೂತವರು ನವಬ್ರಹ್ಮ ಗುಡಿಗಳಿಂದಲೇ ಶುರು ಮಾಡ್ತಾರೆ. ಬಾದಾಮಿ ಚಾಲುಕ್ಯರು, ದಾನ, ಶಾಸನ. ತಪ್ಪೇನಿಲ್ಲ. ಆದರೆ ಕೃಷ್ಣೆ ತುಂಗಭದ್ರೆಗಳ ಈ ಸೀಮೆಯಲ್ಲಿ ಜನ ಬದುಕಿದ್ದು ಅದಕ್ಕೂ ಮೂರು ಸಾವಿರ ವರ್ಷ ಮೊದಲಿನಿಂದ. ಹಳೆ ಮಹಬೂಬ್‌ನಗರ ಜಿಲ್ಲೆಯ ಉಟ್ನೂರಿನ ಬೂದಿ ದಿಬ್ಬವನ್ನು 1957ರಲ್ಲಿ ಆಲ್ಚಿನ್ ಎಂಬ ವಿದ್ವಾಂಸರು ಅಗೆಸಿದರು. ಸುಟ್ಟ ಸಗಣಿಯ ಬೂದಿ, ದನದ ಗೊರಸಿನ ಗುರುತು, ಕಲ್ಲಿನ ಕೊಡಲಿ ಸಿಕ್ಕವು. ದನ ಕಾಯುವ ಜನ, ಕಲ್ಲಿನ ಚಕ್ಕೆಯೇ ಅವರ ಚೂರಿ.

ತಾಮ್ರ ಬಂದಿದ್ದು ಆಮೇಲೆ, ಅದೂ ಚೂರುಪಾರು. ಬ್ರಹ್ಮಗಿರಿಯಲ್ಲಿ 1947ರಲ್ಲಿ ವೀಲರ್ ಅಗೆಸಿದಾಗ ತಾಮ್ರದ ಒಂದು ಉಳಿ ಸಿಕ್ಕಿತು. ಬಳ್ಳಾರಿ ಜಿಲ್ಲೆಯ ತೆಕ್ಕಲಕೋಟೆಯಲ್ಲಿ ಒಂದು ಕೊಡಲಿ. ತುಂಗಭದ್ರೆ ದಡದ ಹಳ್ಳೂರಿನಲ್ಲಿ ಪುಟ್ಟ ಕೊಡಲಿಗಳು, ಒಂದು ಮೀನಿನ ಗಾಳ. ಅಚ್ಚರಿ ಅಂದ್ರೆ ನಮ್ಮ ಪಕ್ಕದ ರಾಯಚೂರು ಜಿಲ್ಲೆಯ ಕಲ್ಲೂರು. ಅಲ್ಲಿ ತಾಮ್ರದ ಕತ್ತಿಗಳೇ ಸಿಕ್ಕಿವೆ, ಹಿಡಿಕೆ ತುದಿ ಹುಳದ ಮೀಸೆಯ ಹಾಗೆ ಎರಡಾಗಿ ಬಾಗಿದೆ. ಅಂಥವು ಹೆಚ್ಚಾಗಿ ಸಿಗೋದು ಗಂಗಾ ಯಮುನಾ ನಡುವಿನಲ್ಲಿ, ಇಲ್ಲಿಂದ ಸಾವಿರ ಕಿಲೋಮೀಟರಿಗೂ ಆಚೆ.

ಮೆತ್ತನೆ ತಾಮ್ರದಲ್ಲಿ ಅಲಗು ಹೇಗೆ ಮಾಡಿದರು? ತಾಮ್ರ ಕರಗೋಕೆ 1085 ಡಿಗ್ರಿ ಸೆಲ್ಸಿಯಸ್ ಶಾಖ ಸಾಕು. ಕಬ್ಬಿಣಕ್ಕೆ 1538 ಬೇಕು. ಕರಗಿದ ತಾಮ್ರ ಅಚ್ಚಿಗೆ ಹೊಯ್ದು, ಆರಿದ ಮೇಲೆ ಅಂಚನ್ನು ಸುತ್ತಿಗೆಯಿಂದ ತಣ್ಣಗೇ ಬಡಿಯಬೇಕು. ಬಡಿದಷ್ಟೂ ಗಟ್ಟಿ. ಅತಿಯಾಗಿ ಬಡಿದರೆ ಸೀಳುತ್ತೆ. ಆಗ ಮತ್ತೆ ಕಾಯಿಸಿ ಮೆತ್ತಗೆ ಮಾಡಿ ಬಡಿಯಬೇಕು. ಉಕ್ಕನ್ನು ಕೆಂಪಗೆ ಕಾಸಿ ನೀರಿಗೆ ಅದ್ದಿದರೆ ಗಡಸಾಗುತ್ತೆ, ತಾಮ್ರ ಹಾಗೆ ಮಾಡಿದರೂ ಮೆತ್ತಗೇ ಇರುತ್ತೆ. ಅದಕ್ಕೆ ಬರೋ ಗಟ್ಟಿತನ ಬರೀ ತೋಳಿನ ಪೆಟ್ಟಿನಿಂದ. ಹತ್ತಕ್ಕೊಂದು ಪಾಲು ತವರ ಬೆರೆಸಿದರೆ ಕಂಚು, ಅದು ಇನ್ನೂ ಗಟ್ಟಿ. ಆದರೆ ತವರ ಎಲ್ಲೆಂದರಲ್ಲಿ ಸಿಗದು. ಅಮೆರಿಕದ ದೊಡ್ಡ ಸರೋವರಗಳ ಬಳಿಯ ಮೂಲನಿವಾಸಿಗಳು ನೆಲದಲ್ಲಿ ಸಿಕ್ಕ ಶುದ್ಧ ತಾಮ್ರವನ್ನು ಕರಗಿಸದೆ, ಬಡಿದೇ ಚೂರಿ ಮಾಡಿಕೊಂಡಿದ್ದರು. ಅಲ್ಲಿ ರಾಜನೂ ಇರಲಿಲ್ಲ, ಗುಡಿಯೂ ಇರಲಿಲ್ಲ.

ಚೂಪಿನ ವಿಷಯಕ್ಕೆ ಬಂದ್ರೆ ಕಲ್ಲಿನ ಚಕ್ಕೆಯೇ ತಾಮ್ರಕ್ಕಿಂತ ಮೇಲು. ಹೀಗಾಗಿ ತಾಮ್ರ ಬಂದ ಮೇಲೂ ಜನ ಕಲ್ಲು ಬಿಡಲಿಲ್ಲ. ಆದರೆ ಕಲ್ಲು ಮುರಿದರೆ ಮುಗೀತು, ತಾಮ್ರ ಮೊಂಡಾದರೆ ಬಡಿಯಬಹುದು, ಮುರಿದರೆ ಕರಗಿಸಿ ಹೊಸದು ಹೊಯ್ಯಬಹುದು. ಕೊನೆಗೆ ಗೆದ್ದಿದ್ದು ಕಬ್ಬಿಣ. ನಮ್ಮ ತೆಲಂಗಾಣದ ಕೋನಸಮುದ್ರಂ ಉಕ್ಕು ದೇಶಾಂತರ ಹೋಯಿತು.

ಈಗ ಇನ್ನೊಂದು ಲೆಕ್ಕ ನೋಡೋಣ. ತಾಮ್ರಕ್ಕೆ ಪೂಜೆಯ ಪಟ್ಟ ಸಿಕ್ಕಿತು. ರಾಜರ ಭೂದಾನ ತಾಮ್ರಪಟದ ಮೇಲೆ, ದೇವರ ತೀರ್ಥ ತಾಮ್ರದ ತಂಬಿಗೆಯಲ್ಲಿ. ಮನುಸ್ಮೃತಿಯ ಹತ್ತನೆಯ ಅಧ್ಯಾಯ ಚಂಡಾಲರಿಗೆ ಊರ ಹೊರಗೆ ಮನೆ, ಒಡಕು ಪಾತ್ರೆ, ಕಬ್ಬಿಣದ ಒಡವೆ ಅಂತ ಗೊತ್ತುಮಾಡುತ್ತೆ. ಲೋಹಕ್ಕೂ ಜಾತಿ! ಇದು ಪುಸ್ತಕದ ಮಾತಷ್ಟೇ ಅಲ್ಲ. 1935ರ ನವೆಂಬರಿನಲ್ಲಿ ಗುಜರಾತಿನ ಅಹಮದಾಬಾದ್ ಜಿಲ್ಲೆಯ ಒಂದು ಹಳ್ಳಿಯಲ್ಲಿ ನಮ್ಮ ಹೆಣ್ಣುಮಕ್ಕಳು ಲೋಹದ ಕೊಡದಲ್ಲಿ ನೀರು ತಂದರು ಅಂತ ಸವರ್ಣರು ಅವರನ್ನು ಹೊಡೆದರು. ಬಾಬಾಸಾಹೇಬರು ಮರುವರ್ಷ 'ಜಾತಿ ವಿನಾಶ'ದಲ್ಲಿ ಇದನ್ನು ಬರೆದಿದ್ದಾರೆ. ಮಣ್ಣಿನ ಕೊಡ ತಂದಿದ್ರೆ ಯಾರೂ ಕೇಳ್ತಿರಲಿಲ್ಲ.

ತಮಾಷೆ ಏನಂದ್ರೆ, ಕೀಳೆಂದು ನಮಗೆ ಕೊಟ್ಟ ಲೋಹವೇ ಹರಿತ. ಕುಡುಗೋಲು, ನೇಗಿಲ ಗುಳ, ತೊಗಲು ಕೊಯ್ಯುವ ರಂಪಿಗೆ, ಎಲ್ಲ ಕಬ್ಬಿಣವೇ. ಆ ಕಬ್ಬಿಣ ಕಾಯಿಸುವ ಕುಲುಮೆಗೆ ಗಾಳಿ ಊದುವ ತಿದಿ ತೊಗಲಿನದು. ತೊಗಲು ಹದ ಮಾಡಿದವರು ಯಾರು? ಅಪವಿತ್ರ ಅಂದ ಕೈಯ ಕೆಲಸವಿಲ್ಲದೆ ಗುಡಿಯ ಕಲ್ಲಿಗೆ ಉಳಿ ಬೀಳುತ್ತಿರಲಿಲ್ಲ. ಇದನ್ನು ಯಾವ ಶಾಸನದಲ್ಲೂ ಹುಡುಕಬೇಡಿ.

ನಮ್ಮ ಕೇರಿಯ ಮನೆಗಳ ಅಟ್ಟದ ಮೇಲೆ ಹಳೆ ರಂಪಿಗೆ, ಉಳಿ, ಹರಿದ ತಿದಿ ಇನ್ನೂ ಇವೆ. ಗುಜರಿಯವನು ಕೆಜಿ ಲೆಕ್ಕದಲ್ಲಿ ಒಯ್ಯುತ್ತಿದ್ದಾನೆ. ಅವನು ಬರೋ ಮೊದಲೇ ಒಮ್ಮೆ ಸಂಘಕ್ಕೆ ತಂದು ತೋರಿಸಿ. ಯಾರದು, ಯಾವ ಕಾಲದ್ದು, ಯಾವ ಕೆಲಸಕ್ಕೆ ಅಂತ ಅಜ್ಜಂದಿರನ್ನು ಕೇಳಿ ಬರೆದಿಡೋಣ.