ಆಸ್ಪತ್ರೆ ಅಂದ್ರೆ ಹರಾಜಿಲ್ಲ

ಇವತ್ತು ಮೇ 27. ಮಾತೆ ರಮಾಬಾಯಿಯವರು 1935ರಲ್ಲಿ ತೀರಿಕೊಂಡ ದಿನ. ಬೆಳಗ್ಗೆಯಿಂದ ಎಲ್ಲರ ವಾಲ್ ಮೇಲೂ ಅವರ ಫೋಟೋ, ಹೂವು, "ತ್ಯಾಗಮೂರ್ತಿ" ಅನ್ನೋ ಪದ. ಹೋದ ವರ್ಷ ನಾನೂ ಅದನ್ನೇ ಹಾಕಿದ್ದೆ. ಈ ಸಲ ಒಂದು ನೋಟ್‌ಬುಕ್ಕಿನ ಕಥೆ ಬರೀತೀನಿ. ಉದ್ದ ಆಗುತ್ತೆ, ಪುರುಸೊತ್ತಿದ್ದವರು ಓದಿ.

ಹೋದ ತಿಂಗಳು ಮನೆಗೆ ಸುಣ್ಣ ಹೊಡೆಸುವಾಗ ಅಟ್ಟದ ಮೇಲಿನ ಟ್ರಂಕ್ ಇಳಿಸಿದ್ವಿ. ಅವ್ವನ ಸೀರೆ, ಹಳೇ ರೇಷನ್ ಕಾರ್ಡು, ಅಪ್ಪನ ಎಕ್ಸ್‌ರೇ, ಅದರ ಕೆಳಗೆ ನೂರು ಪುಟದ ಒಂದು ರೂಲ್ ಪುಸ್ತಕ. ಅವ್ವನಿಗೆ ಓದೋಕೆ ಬರ್ತಿರಲಿಲ್ಲ. ಅಕ್ಷರ ನಂದು. ಏಳನೇ ಕ್ಲಾಸಿಂದ ನಾನೇ ಅವಳ ಚೀಟಿ ಲೆಕ್ಕ ಬರೀತಿದ್ದೆ, ಮರೆತೇ ಹೋಗಿತ್ತು. ಇಪ್ಪತ್ತು ಹೆಂಗಸರ ಹೆಸರು, ತಿಂಗಳು, ಕಟ್ಟಿದ್ದಕ್ಕೆ ಟಿಕ್, ಎತ್ತಿಕೊಂಡವರ ಹೆಸರಿಗೆ ಸುತ್ತ ಗೆರೆ.

ನಾವಿದ್ದದ್ದು ಜೆಪಿ ನಗರದ ಮಗ್ಗುಲಿನ ಒಂದು ಕಾಲೋನಿ. ಅರ್ಧಕ್ಕರ್ಧ ಜನ ಕನಕಪುರ, ಮಳವಳ್ಳಿ ಕಡೆಯಿಂದ ಬಂದವರು. 1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಹಾಕಿದಾಗ ಬಡಾವಣೆ, ಬ್ಲಾಕು, ಪಾರ್ಕು, ಎಲ್ಲದಕ್ಕೂ ನಕ್ಷೆ ಇತ್ತು. ಆ ಮನೆಗಳ ಪಾತ್ರೆ ತೊಳೆಯುವವರು, ಗಾರೆ ಕಲಸುವವರು, ಕಸ ಎತ್ತುವವರು ಎಲ್ಲಿ ಮಲಗಬೇಕು ಅನ್ನೋದು ಯಾವ ನಕ್ಷೆಯಲ್ಲೂ ಇರಲಿಲ್ಲ. ಅವರು ತಾವೇ ಜಾಗ ಹುಡುಕಿಕೊಂಡರು. ಹಾಗೇ ತಮ್ಮ ಬ್ಯಾಂಕನ್ನೂ ತಾವೇ ಮಾಡಿಕೊಂಡರು. ಇವತ್ತಿನ ವಿಷಯ ಆ ಬ್ಯಾಂಕು.

ಕರ್ನಾಟಕದಲ್ಲಿ ಉಳಿತಾಯದ ಇತಿಹಾಸ ಬರೆಯುವವರು ಸಾಮಾನ್ಯವಾಗಿ ಎರಡು ಕಡೆಯಿಂದ ಶುರು ಮಾಡ್ತಾರೆ. ಒಂದು, 1905ರಲ್ಲಿ ಗದಗದ ಹತ್ತಿರ ಕಣಗಿನಹಾಳದಲ್ಲಿ ಶುರುವಾದ ಸಹಕಾರ ಸಂಘ. ಇನ್ನೊಂದು, 1928ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕಿನವರು ತಂದ ಪಿಗ್ಮಿ, ದಿನಕ್ಕೆ ಎರಡಾಣೆ, ಏಜೆಂಟೇ ಮನೆ ಬಾಗಿಲಿಗೆ ಬಂದು ತಗೊಂಡು ಹೋಗೋದು. ಎರಡೂ ದೊಡ್ಡ ಕೆಲಸಗಳೇ, ನಾನು ಕಡಿಮೆ ಮಾಡಿ ಹೇಳಲ್ಲ. ಆದರೆ ಸಾಲ ಬೇಕು ಅಂದರೆ ಜಾಮೀನು ಬೇಕು, ಜಾಮೀನಿಗೆ ಭೂಮಿಯೋ ಭೂಮಿ ಇದ್ದವನ ಸಹಿಯೋ ಬೇಕು. ನಮ್ಮ ಕೇರಿಯಲ್ಲಿ ಅದು ಯಾರ ಹತ್ತಿರ ಇತ್ತು? ನಮ್ಮ ತಾತನ ಹತ್ತಿರ ಜಾಮೀನಿಗೆ ಇದ್ದದ್ದು ಅವನ ಮೈ ಒಂದೇ. ಅಜ್ಜಿಗೆ ಬಾಣಂತಿ ಸನ್ನಿ ಆದಾಗ ಗೌಡರ ಮನೆಯಲ್ಲಿ ಸಾಲ ತಗೊಂಡ, ಅದಕ್ಕೆ ಜೀತಕ್ಕೆ ಕೂತ. ಅಜ್ಜಿ ಉಳಿಯಲಿಲ್ಲ, ಸಾಲ ಉಳಿಯಿತು. 1976ರಲ್ಲಿ ಜೀತ ನಿಷೇಧ ಕಾಯ್ದೆ, ಅದೇ ಹೊತ್ತಿಗೆ ಇಲ್ಲಿ ದೇವರಾಜ ಅರಸರ ಋಣ ಪರಿಹಾರ ಕಾಯ್ದೆ ಬಂತು. ತಾತ ಬಿಡುಗಡೆಯಾದ. ಬಿಡುಗಡೆಯಾದವನಿಗೆ ಮತ್ತೆ ಕಾಯಿಲೆ ಬಂದರೆ ಯಾರ ಹತ್ತಿರ ಹೋಗಬೇಕು ಅಂತ ಕಾಯ್ದೆಯಲ್ಲಿ ಬರೆದಿರಲಿಲ್ಲ.

ಹಳ್ಳಿಯಲ್ಲಿ ನಮಗೆ ಇದ್ದದ್ದು ಮುಯ್ಯಿ, ಮುಯ್ಯಾಳು. ಇವತ್ತು ನಿನ್ನ ಹೊಲಕ್ಕೆ ನಾನು ಬರ್ತೀನಿ, ನಾಳೆ ನನ್ನ ಕೆಲಸಕ್ಕೆ ನೀನು ಬಾ. ಮದುವೆಗೆ ಹಾಕಿದ ಮುಯ್ಯಿ ಯಾರದು ಎಷ್ಟು ಅಂತ ಹೆಂಗಸರಿಗೆ ಬಾಯಲ್ಲೇ ಲೆಕ್ಕ. ಬೆಂಗಳೂರಿಗೆ ಬಂದ ಮೇಲೆ ಆ ಲೆಕ್ಕವೇ ದುಡ್ಡಾಯಿತು, ಚೀಟಿ ಆಯಿತು. ಉತ್ತರ ಕರ್ನಾಟಕದವರು ಇದನ್ನೇ ಭಿಶಿ ಅಂತಾರೆ.

ಗೊತ್ತಿಲ್ಲದವರಿಗೆ ಚೀಟಿಯ ಲೆಕ್ಕ ಹೇಳ್ತೀನಿ, ಕಥೆಗೆ ಬೇಕು. ಇಪ್ಪತ್ತು ಜನ, ತಿಂಗಳಿಗೆ ತಲಾ ನೂರು ರೂಪಾಯಿ. ಒಟ್ಟು ಎರಡು ಸಾವಿರ. ಇಪ್ಪತ್ತು ತಿಂಗಳು ನಡೆಯುತ್ತೆ, ತಿಂಗಳಿಗೆ ಒಬ್ಬರಿಗೆ ದುಡ್ಡು. ಯಾರಿಗೆ ಅನ್ನೋದಕ್ಕೆ ಎರಡು ದಾರಿ. ಒಂದು, ಹೆಸರು ಬರೆದು ಡಬ್ಬಿಯಲ್ಲಿ ಹಾಕಿ ಮಗು ಕೈಲಿ ಎತ್ತಿಸೋದು. ಇನ್ನೊಂದು ಹರಾಜು. ತುಂಬಾ ಅರ್ಜೆಂಟಿದ್ದವಳು "ಐನೂರು ಬಿಡ್ತೀನಿ" ಅಂತ ಕೂಗ್ತಾಳೆ. ಅವಳಿಗೆ ಸಾವಿರದ ಐನೂರು. ಬಿಟ್ಟ ಐನೂರು ಇಪ್ಪತ್ತು ಜನಕ್ಕೆ ಹಂಚಿದರೆ ತಲಾ ಇಪ್ಪತ್ತೈದು, ಆ ತಿಂಗಳು ಉಳಿದವರೆಲ್ಲ ಎಪ್ಪತ್ತೈದು ಕಟ್ಟಿದರೆ ಸಾಕು. ಎಲ್ಲರಿಗೂ ಖುಷಿ.

ಈಗ ಯೋಚನೆ ಮಾಡಿ. ಎಲ್ಲರಿಗಿಂತ ಜಾಸ್ತಿ ಬಿಡೋದು ಯಾರು? ಮನೆಯಲ್ಲಿ ಯಾರೋ ಆಸ್ಪತ್ರೆ ಸೇರಿರೋಳು. ಅಂದ್ರೆ ಕಾಯಿಲೆ ಬಿದ್ದ ಮನೆ ಚೆನ್ನಾಗಿರೋ ಮನೆಗಳಿಗೆ ಬಡ್ಡಿ ಕಟ್ಟುತ್ತೆ. ನಮ್ಮವರ "ಪರಸ್ಪರ ಸಹಾಯ"ದ ಬಗ್ಗೆ ಕಣ್ಣೀರು ಹಾಕಿ ಲೇಖನ ಬರೆಯುವವರು ಈ ಲೆಕ್ಕ ಮಾಡೋದೇ ಇಲ್ಲ. ನಮ್ಮ ಚೀಟಿಯೂ ಮೊದಲು ಹರಾಜು ಚೀಟಿಯೇ.

ನೋಟ್‌ಬುಕ್ಕಿನಲ್ಲಿ 1994ರ ಪುಟದಲ್ಲಿ ಒಂದು ಹೆಸರಿನ ಸುತ್ತ ಗೆರೆ ಎಳೆದು, ಆಮೇಲೆ ಆ ಗೆರೆಯನ್ನೇ ಹೊಡೆದು ಹಾಕಿದೆ. ಹೆಸರು ಬರೆಯಲ್ಲ. ಆ ಅಕ್ಕನ ಗಂಡನಿಗೆ ಟಿ.ಬಿ. ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗ್ತಿತ್ತು. ಹೊಟ್ಟೆಗೆ ಪುಕ್ಕಟೆ ಏನು ಸಿಗುತ್ತೆ? ಗಾರೆ ಕೆಲಸ ನಿಂತು ಮೂರು ತಿಂಗಳು, ಬಾಡಿಗೆ ಬಾಕಿ, ಇಬ್ಬರು ಮಕ್ಕಳು. ಚೀಟಿ ತನಗೆ ಕೊಡಿ ಅಂತ ಕೇಳಿದಳು, ಎಂಟುನೂರು ಬಿಡ್ತೀನಿ ಅಂದಳು. ಎಲ್ಲರೂ ಒಪ್ಪಿ ನಾನು ಗೆರೆ ಎಳೆದಿದ್ದೆ. ಅಷ್ಟರಲ್ಲಿ ಯಾರೋ ಅಂದರು, "ಇವಳು ದುಡ್ಡು ಎತ್ಕೊಂಡ ಮೇಲೆ ಮುಂದಿನ ತಿಂಗಳುಗಳು ಕಟ್ತಾಳಾ? ಗಂಡ ಹೋದರೆ?" ಹೀಗೆ ಕೇಳಿದ ಹೆಂಗಸೂ ಮೂರು ಮನೆ ಪಾತ್ರೆ ತೊಳೆದು ಚೀಟಿ ಕಟ್ಟುವವಳೇ. ಅವಳಿಗೂ ಮಗಳ ಮದುವೆ ಇತ್ತು. ಕೈ ಎತ್ತಿಸಿದರು. ನಮ್ಮವ್ವನೂ ಬೇಡ ಅಂತ ಕೈ ಎತ್ತಿದಳು. ನಾನು ಪಕ್ಕದಲ್ಲೇ ಪೆನ್ನು ಹಿಡಿದು ಕೂತಿದ್ದೆ. "ಹೊಡೆದಾಕು" ಅಂದಳು. ಹೊಡೆದು ಹಾಕಿದೆ.

ಆ ಅಕ್ಕ ಮಾರ್ಕೆಟ್ಟಿನಲ್ಲಿ ಮೀಟರ್ ಬಡ್ಡಿಗೆ ತಂದಳು. ಬೆಳಗ್ಗೆ ಕೊಟ್ಟು ಸಾಯಂಕಾಲ ವಸೂಲಿ ಮಾಡೋ ಸಾಲ. ಆರು ತಿಂಗಳಲ್ಲಿ ಗಂಡ ತೀರಿಕೊಂಡ. ಒಂದು ರಾತ್ರಿ ಮಕ್ಕಳನ್ನ ಕರಕೊಂಡು ಊರಿಗೆ ಹೋದಳು, ಪಾತ್ರೆ ಕೂಡ ಬಿಟ್ಟು. ಅವಳು ಅಲ್ಲಿವರೆಗೆ ಕಟ್ಟಿದ್ದ ಏಳು ತಿಂಗಳ ದುಡ್ಡನ್ನ ಅವ್ವ ಬಸ್ಸಿನಲ್ಲಿ ಹೋಗಿ ಕೊಟ್ಟು ಬಂದಳು. ಏನು ಮಾತಾಡಿದಳೋ ಗೊತ್ತಿಲ್ಲ. ವಾಪಸ್ ಬಂದವಳು ಎರಡು ದಿನ ಕೆಲಸಕ್ಕೆ ಹೋಗಲಿಲ್ಲ.

ಮುಂದಿನ ಚೀಟಿ ಶುರುವಾದಾಗ ಮೊದಲ ಪುಟದಲ್ಲಿ ಅವ್ವ ಹೇಳಿ ನನ್ನ ಕೈಲಿ ಒಂದು ಸಾಲು ಬರೆಸಿದಳು. "ಆಸ್ಪತ್ರೆ ಅಂದ್ರೆ ಹರಾಜಿಲ್ಲ." ಮನೆಯಲ್ಲಿ ಯಾರಾದರೂ ಆಸ್ಪತ್ರೆ ಸೇರಿದರೆ ಆ ತಿಂಗಳ ಪೂರ್ತಿ ಚೀಟಿ ಅವರಿಗೆ, ಒಂದು ಪೈಸೆ ಬಿಡೋ ಹಾಗಿಲ್ಲ. ಆಮೇಲೆ ಅವರು ಎರಡು ತಿಂಗಳು ಕಟ್ಟದಿದ್ದರೆ ಉಳಿದವರು ಹತ್ತು ಹತ್ತು ಸೇರಿಸಿ ತುಂಬಬೇಕು. ಇದಕ್ಕೆ ಜಗಳ ಆಯಿತು, ನಾಲ್ಕು ಜನ ಬಿಟ್ಟು ಹೋದರು. ಬೇರೆ ನಾಲ್ಕು ಜನ ಸೇರಿಕೊಂಡರು.

2003ರಲ್ಲಿ ಅಪ್ಪನಿಗೆ ಲಕ್ವ ಹೊಡೆಯಿತು. ಅಷ್ಟೊತ್ತಿಗೆ ಚೀಟಿ ತಿಂಗಳಿಗೆ ಐನೂರಕ್ಕೆ ಬಂದಿತ್ತು. ಅಡ್ವಾನ್ಸ್ ಕಟ್ಟದೆ ಒಳಗೆ ಬಿಡಲ್ಲ ಅಂದ ಒಂದು ಆಸ್ಪತ್ರೆಯ ಕೌಂಟರ್ ಮುಂದೆ ನಾನು ನಿಂತಿದ್ದೆ. ಹತ್ತು ಸಾವಿರ ಸೀರೆಯ ಸೆರಗಿನಲ್ಲಿ ಕಟ್ಟಿಕೊಂಡು ಇಬ್ಬರು ಹೆಂಗಸರು ಆಟೋದಲ್ಲಿ ಬಂದರು. ಪೂರ್ತಿ ಹತ್ತು ಸಾವಿರ. ಎಲ್ಲ ಐವತ್ತು, ನೂರರ ನೋಟು. ಕೌಂಟರಿನವನು ಎಣಿಸೋಕೆ ಬೇಜಾರು ಮಾಡಿಕೊಂಡ. ಅಪ್ಪ ಇನ್ನೂ ಒಂಬತ್ತು ವರ್ಷ ಬದುಕಿದ್ದ, ಎಡಗೈ ಮಾತ್ರ ಬರಲಿಲ್ಲ.

ಈಗ ನಾನು ಗುಮಾಸ್ತ. ಆಫೀಸಿನಲ್ಲಿ ನೌಕರರ ವೈದ್ಯಕೀಯ ವೆಚ್ಚ ಮರುಪಾವತಿ ಬಿಲ್ಲುಗಳು ನನ್ನ ಟೇಬಲ್ ಮೇಲೇ ಹಾದು ಹೋಗ್ತವೆ. ಹಾಗಾಗಿ ಕಾನೂನು ಹೇಳ್ತೀನಿ ಕೇಳಿ. 1982ರ ಚಿಟ್ ಫಂಡ್ ಕಾಯ್ದೆ ಪ್ರಕಾರ ನೋಂದಣಿ ಇಲ್ಲದೆ ಚೀಟಿ ನಡೆಸೋದು ಜೈಲಿಗೆ ಹೋಗಬಹುದಾದ ಅಪರಾಧ. ಆ ಕಾಯ್ದೆ ವಿನಾಯಿತಿ ಕೊಟ್ಟಿದ್ದು ಒಟ್ಟು ನೂರು ರೂಪಾಯಿ ಒಳಗಿನ ಚೀಟಿಗೆ ಮಾತ್ರ. ನಡೆಸುವವನಿಗೆ ಶೇ. 5 ಕಮಿಷನ್ ಇತ್ತು, 2019ರ ತಿದ್ದುಪಡಿಯಲ್ಲಿ ಶೇ. 7 ಮಾಡಿದರು. ಕಾಯ್ದೆ ಬೇಕಿತ್ತು, ಇಲ್ಲ ಅನ್ನಲ್ಲ. ಚೀಟಿ ದುಡ್ಡು ಎತ್ಕೊಂಡು ರಾತ್ರೋರಾತ್ರಿ ಪರಾರಿಯಾದವರನ್ನ ನಮ್ಮ ಕಾಲೋನಿಯೂ ಕಂಡಿದೆ. ಆದರೆ ಕಮಿಷನ್ ತಗೊಳ್ಳದೆ, ಕಾಯಿಲೆ ಮನೆಗೆ ಪೂರ್ತಿ ದುಡ್ಡು ಕೊಟ್ಟ ನಮ್ಮವ್ವ ಆ ಕಾಯ್ದೆ ಮುಂದೆ ಅಪರಾಧಿಯೇ.

ಇಲ್ಲಿ ಬಾಬಾಸಾಹೇಬರು ಬರ್ತಾರೆ. ರಮಾಬಾಯಿಯವರಿಗೆ ಹುಟ್ಟಿದ ಮಕ್ಕಳಲ್ಲಿ ಉಳಿದದ್ದು ಯಶವಂತ ಒಬ್ಬರೇ. ನಾಲ್ಕು ಮಕ್ಕಳು ಎಳೆಯದರಲ್ಲೇ ಹೋದವು. ಬಾಬಾಸಾಹೇಬರು ಓದೋಕೆ ಅಮೆರಿಕ, ಲಂಡನ್ ಅಂತ ಹೋಗಿದ್ದಾಗ ಮುಂಬೈಯಲ್ಲಿ ಮನೆ ನಡೆಸಿದ್ದು ಆ ತಾಯಿ. ಸಗಣಿ ಆಯ್ದು ಬೆರಣಿ ತಟ್ಟಿದರು ಅಂತ ನಮ್ಮ ಭಾಷಣಕಾರರೆಲ್ಲ ಹೇಳ್ತಾರೆ, ಅಲ್ಲಿಗೆ ನಿಲ್ಲಿಸ್ತಾರೆ. ನಾನು ಅಲ್ಲಿಂದ ಮುಂದಕ್ಕೆ ಹೋಗ್ತೀನಿ. 1942ರಲ್ಲಿ ಬಾಬಾಸಾಹೇಬರು ವೈಸರಾಯ್ ಕೌನ್ಸಿಲ್ಲಿನಲ್ಲಿ ಕಾರ್ಮಿಕ ಖಾತೆಗೆ ಬಂದರು. 1943ರಲ್ಲಿ ಕಾರ್ಮಿಕರ ಆರೋಗ್ಯ ವಿಮೆ ಹೇಗಿರಬೇಕು ಅಂತ ಯೋಜನೆ ಮಾಡೋಕೆ ಪ್ರೊ. ಬಿ.ಪಿ. ಅದಾರ್ಕರ್ ಅವರನ್ನ ಸರ್ಕಾರ ನೇಮಿಸಿತು. 1944ರಲ್ಲಿ ವರದಿ ಬಂತು. ಅದರಿಂದಲೇ 1948ರ ಇಎಸ್‌ಐ ಕಾಯ್ದೆ. ಜಯನಗರಕ್ಕೆ ಅಡಿಗಲ್ಲು ಬಿದ್ದ ವರ್ಷವೇ. ಕಾಯಿಲೆ ಬಿದ್ದ ಕಾರ್ಮಿಕನಿಗೆ ಔಷಧಿ ಜೊತೆ ಕೂಲಿಯ ಒಂದು ಭಾಗವೂ ಸಿಗಬೇಕು ಅನ್ನೋದು ಅದರ ತಿರುಳು. ಈಗ ವರ್ಷಕ್ಕೆ 91 ದಿನದವರೆಗೆ ಶೇ. 70 ಕೂಲಿ. ಟಿ.ಬಿ.ಯಂಥ ದೀರ್ಘ ಕಾಯಿಲೆಗೆ ಇನ್ನೂ ಹೆಚ್ಚು, ಎರಡು ವರ್ಷದವರೆಗೂ. ಗಂಡ ಮಲಗಿದರೆ ಒಲೆ ಆರಬಾರದು ಅನ್ನೋದನ್ನ ಕಾಯ್ದೆಯ ಭಾಷೆಗೆ ತಂದ ಮನೆಯಲ್ಲಿ ನಾಲ್ಕು ಮಕ್ಕಳ ಸಾವು ಇತ್ತು. ಇದು ನನ್ನ ಓದು, ಬೇರೆಯವರು ಬೇರೆ ಹೇಳಬಹುದು.

ಆದರೆ ಇಎಸ್‌ಐ ಅನ್ವಯ ಆಗೋದು ಫ್ಯಾಕ್ಟರಿಗೆ, ಅಂಗಡಿಗೆ, ಸಂಸ್ಥೆಗೆ. ಜಯನಗರದ ನಾಲ್ಕು ಮನೆಯಲ್ಲಿ ಪಾತ್ರೆ ತೊಳೆಯುವವಳಿಗೆ ಯಜಮಾನ ಯಾರು? ನಾಲ್ಕು ಜನ, ಯಾರೂ ಅಲ್ಲ. ಆ ತೂತಿಗೆ ತೇಪೆ ಹಾಕಿದ್ದೇ ನಮ್ಮವ್ವನ ನೋಟ್‌ಬುಕ್ಕು. ಟಿ.ಬಿ. ರೋಗಿಗೆ ಮಾತ್ರೆ ಜೊತೆ ಊಟಕ್ಕೂ ದುಡ್ಡು ಬೇಕು ಅಂತ ಸರ್ಕಾರಕ್ಕೆ ತೋಚಿ ತಿಂಗಳಿಗೆ ಐನೂರು ಕೊಡೋಕೆ ಶುರು ಮಾಡಿದ್ದು 2018ರಲ್ಲಿ. ನಮ್ಮ ಕಾಲೋನಿ ಆ ಪಾಠ ಕಲಿತಿದ್ದು 1994ರಲ್ಲಿ, ಒಂದು ಮನೆ ಕಳಕೊಂಡು.

ನನ್ನ ತಂಗಿ ಗಾರ್ಮೆಂಟ್ಸ್‌ಗೆ ಸೇರಿದಾಗ ಅವ್ವ ಹಿರಿಹಿರಿ ಹಿಗ್ಗಿದಳು, ಇಎಸ್‌ಐ ಕಾರ್ಡು, ಪಿಎಫ್ ಎರಡೂ ಇದೆ ಅಂತ. ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ಪಿಎಫ್ ಅಂದ್ರೆ ಮುಪ್ಪಿನ ದುಡ್ಡಲ್ಲ. ಅಮ್ಮನ ಆಪರೇಷನ್ನು, ತಮ್ಮನ ಫೀಸು. ಕೆಲಸ ಬಿಟ್ಟು, ಪಿಎಫ್ ಎತ್ತಿ, ಮತ್ತೆ ಬೇರೆ ಕಡೆ ಸೇರ್ತಾರೆ. 2016ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಮಾಲೀಕರ ಪಾಲಿನ ಪಿಎಫ್ 58 ವರ್ಷದವರೆಗೆ ಎತ್ತೋ ಹಾಗಿಲ್ಲ ಅಂತ ಆದೇಶ ಹೊರಡಿಸಿತು. ಏಪ್ರಿಲ್ 18ಕ್ಕೆ ಬೊಮ್ಮನಹಳ್ಳಿಯಲ್ಲಿ, ಹೊಸೂರು ರೋಡಿನಲ್ಲಿ ಸಾವಿರಾರು ಹೆಂಗಸರು ಕೂತರು. ಯಾವ ದೊಡ್ಡ ಯೂನಿಯನ್ನೂ ಕರೆ ಕೊಟ್ಟಿರಲಿಲ್ಲ. ಮರುದಿನ ಲಾಠಿ, ಅಶ್ರುವಾಯು, ಬಸ್ಸಿಗೆ ಬೆಂಕಿ. ಟಿವಿಯವರಿಗೆ ಕಂಡಿದ್ದು ಬೆಂಕಿ ಮತ್ತು ಟ್ರಾಫಿಕ್ ಜಾಮ್. 19ರ ಸಂಜೆಗೆ ದೆಹಲಿಯವರು ಆದೇಶ ವಾಪಸ್ ತಗೊಂಡರು. ಎರಡೇ ದಿನ! "ಬಡವರಿಗೆ ಉಳಿತಾಯ ಗೊತ್ತಿಲ್ಲ" ಅನ್ನುವವರು ನನ್ನ ಆಫೀಸಿನಲ್ಲೂ ಇದ್ದಾರೆ. ಉಳಿತಾಯಕ್ಕಾಗಿ ಲಾಠಿ ಏಟು ತಿಂದವರು ಅವರ ಮನೆಯಲ್ಲಿ ಎಷ್ಟು ಜನ ಇದ್ದಾರೆ ಅಂತ ಒಂದು ಸಲ ಕೇಳಿದೆ. ಅವತ್ತಿಂದ ನನಗೆ ಟೀ ಹೇಳೋದು ನಿಲ್ಲಿಸಿದ್ದಾರೆ.

ಈಗ ನಮ್ಮ ಕಾಲೋನಿಯಲ್ಲಿ ಚೀಟಿ ಕಡಿಮೆ, "ಸಂಘದ ಸಾಲ" ಜಾಸ್ತಿ. ಮೈಕ್ರೋಫೈನಾನ್ಸ್ ಅಂದ್ರೆ ಯಾರಿಗೂ ಅರ್ಥ ಆಗಲ್ಲ, ಸಂಘ ಅಂದರೆ ಆಗುತ್ತೆ. ಹತ್ತು ಹೆಂಗಸರ ಗುಂಪು, ವಾರ ವಾರ ಕಂತು, ಒಬ್ಬಳು ಕಟ್ಟದಿದ್ದರೆ ಉಳಿದವರು ಕಟ್ಟಬೇಕು. ನೋಡೋಕೆ ಅವ್ವನ ಚೀಟಿಯ ಥರವೇ. ಅವ್ವನ ಚೀಟಿಯಲ್ಲಿ ಕಾಯಿಲೆ ಮನೆಗೆ ಹೆಂಗಸರು ಹೋಗ್ತಿದ್ದದ್ದು ದುಡ್ಡು ಕೊಡೋಕೆ. ಈಗ ವಸೂಲಿಗೆ ಬಂದವನು ಅದೇ ಹೆಂಗಸರನ್ನ ಕಾಯಿಲೆ ಮನೆಯ ಬಾಗಿಲಲ್ಲಿ ಕೂರಿಸ್ತಾನೆ. ನಮ್ಮ ನಂಬಿಕೆಯನ್ನೇ ಬೇಲಿ ಮಾಡಿ ನಮ್ಮನ್ನೇ ಒಳಗೆ ಹಾಕಿದ್ದಾರೆ. 2025ರ ಜನವರಿಯಲ್ಲಿ ಚಾಮರಾಜನಗರದ ಕಡೆ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟ ಸುದ್ದಿ ಓದಿದಾಗ ನನಗೆ ಆ ಅಕ್ಕನ ಪಾತ್ರೆಗಳು ಕಣ್ಣಿಗೆ ಬಂದವು. ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂತು. ರಾಜ್ಯಪಾಲರು ಒಮ್ಮೆ ವಾಪಸ್ ಕಳಿಸಿ ಆಮೇಲೆ ಸಹಿ ಹಾಕಿದರು. ಕಿರುಕುಳ ಕೊಟ್ಟರೆ ಹತ್ತು ವರ್ಷದವರೆಗೆ ಜೈಲು ಅಂತಿದೆ. ಒಳ್ಳೇದು. ಆದರೆ ಸಾಲಗಾರಳ ಮನೆಯಲ್ಲಿ ಯಾರಾದರೂ ಆಸ್ಪತ್ರೆ ಸೇರಿದರೆ ಕಂತು ನಿಲ್ಲುತ್ತೆ ಅಂತ ಯಾವ ಕಂಪನಿಯವನು ತನ್ನ ಪಾಸ್‌ಬುಕ್ಕಿನ ಮೊದಲ ಪುಟದಲ್ಲಿ ಬರೀತಾನೆ?

ಒಂದು ಕೆಲಸ ಇದೆ ಬಂಧುಗಳೇ. ನಿಮ್ಮ ಅವ್ವ, ಅಜ್ಜಿ, ಅತ್ತೆ ಇಟ್ಟಿದ್ದ ಚೀಟಿ ಲೆಕ್ಕ, ಮುಯ್ಯಿ ಪುಸ್ತಕ ಮನೆಯಲ್ಲಿದ್ದರೆ ಗುಜರಿಗೆ ಹಾಕಬೇಡಿ. ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಇಲ್ಲಿ ಹಾಕುವುದಾದರೆ ಹೆಸರುಗಳ ಮೇಲೆ ಬೆರಳಿಟ್ಟು ಮುಚ್ಚಿ. ಹೊಡೆದು ಹಾಕಿದ ಹೆಸರು ಏನಾದರೂ ಇದ್ದರೆ, ಮನೆಯಲ್ಲಿ ಹಿರಿಯರು ಇನ್ನೂ ಇದ್ದರೆ, ಯಾಕೆ ಹೊಡೆದಿರಿ ಅಂತ ಈ ಭಾನುವಾರವೇ ಕೂತು ಕೇಳಿ. ನಾನು ಅವ್ವನನ್ನ ಕೇಳಲಿಲ್ಲ, ಈಗ ಅವಳಿಲ್ಲ.

ಜೈ ಭೀಮ್.