ಹಾರದಂತಹ ಸಂಖ್ಯೆ: 12345654321

ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವ ಹನ್ನೊಂದು ಅಂಕಿಗಳ ಸಂಖ್ಯೆ 12345654321. ನಮ್ಮ ಎಣಿಕೆಯ ಕ್ರಮದಲ್ಲಿ ಇದು 1,234 ಕೋಟಿ 56 ಲಕ್ಷ 54 ಸಾವಿರದ 321. ಇಂತಹ ಸಂಖ್ಯೆಗಳನ್ನು ಪವಾಡವೆಂದು ಬೆರಗಿನಿಂದ ನೋಡಿ ಬಿಟ್ಟುಬಿಡುವುದೇ ಹೆಚ್ಚು. ಇದರ ಸೌಂದರ್ಯಕ್ಕೆ ಕಾರಣವುಂಟು. ಆ ಕಾರಣ ಶಾಲೆಯ ಮಕ್ಕಳಿಗೂ ಎಟುಕುವಂತಹದು.

ಗ್ರಂಥದಲ್ಲಿ

ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಜೈನ ಗಣಿತಜ್ಞ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ'ವನ್ನು ರಚಿಸಿದರು. ಗ್ರಂಥಾರಂಭದಲ್ಲಿ ಅವರು ಈ ದೊರೆಯನ್ನು ಸ್ತುತಿಸಿದ್ದಾರೆ. ಸಂಖ್ಯೆಗಳ 24 ಸ್ಥಾನಗಳಿಗೆ ಹೆಸರು ನೀಡಿದ ಈ ಆಚಾರ್ಯರು, ಗುಣಾಕಾರದ ಅಭ್ಯಾಸಕ್ಕಾಗಿ ಉತ್ತರವು ಹಾರದಂತೆ ತೋರುವ ಲೆಕ್ಕಗಳನ್ನು ಪೋಣಿಸಿದರು. 27994681ನ್ನು 441ರಿಂದ ಗುಣಿಸಿದರೆ ದೊರೆಯುವುದು 12345654321. 152207 × 73 = 11111111; 12345679 × 9 = 111111111; ಇವೂ ಅದೇ ಗುಂಪಿನವು.

ರಚನೆಯ ಗುಟ್ಟು

ಈ ಸಂಖ್ಯೆಯು 111111ರ ವರ್ಗ. ಚಿಕ್ಕ ಉದಾಹರಣೆಯಿಂದ ಇದು ತಿಳಿಯಾಗುತ್ತದೆ. 111ನ್ನು 111ರಿಂದ ಗುಣಿಸುವಾಗ 111, 1110, 11100 ಎಂಬ ಮೂರು ಸಾಲುಗಳನ್ನು ಒಂದರ ಕೆಳಗೊಂದು ಬರೆದು ಕೂಡಿಸುತ್ತೇವೆ. ಪ್ರತಿ ಸಾಲೂ ಒಂದೊಂದು ಸ್ಥಾನ ಎಡಕ್ಕೆ ಸರಿಯುವುದರಿಂದ ತುದಿಯ ಸ್ಥಾನಗಳಲ್ಲಿ ಒಂದೇ 1, ನಡುವೆ ಮೂರು 1 ಬಂದು, ಮೊತ್ತ 12321 ಆಗುತ್ತದೆ. ಆರು ಅಂಕಿಗಳಾದರೆ ನಡುವೆ ಆರು 1ಗಳು ಸೇರುತ್ತವೆ. ಯಾವ ಸ್ಥಾನದಲ್ಲಿಯೂ ಮೊತ್ತ 9ನ್ನು ಮೀರದ ಕಾರಣ ಕೈಯಲ್ಲಿ ಏನೂ ಉಳಿಯುವುದಿಲ್ಲ, ಏರಿಳಿತ ಕೆಡುವುದಿಲ್ಲ.

ಅಪವರ್ತನಗಳು

111111 = 111 × 1001. ಇದರಲ್ಲಿ 111 = 3 × 37; 1001 = 7 × 11 × 13. ಆದ್ದರಿಂದ ನಮ್ಮ ಸಂಖ್ಯೆಯು 3, 7, 11, 13, 37 ಎಂಬ ಐದು ಅವಿಭಾಜ್ಯ ಸಂಖ್ಯೆಗಳ ವರ್ಗಗಳ ಗುಣಲಬ್ಧ. ಒಂದೊಂದನ್ನೂ ಸೊನ್ನೆ, ಒಂದು ಅಥವಾ ಎರಡು ಬಾರಿ ಆರಿಸಿಕೊಳ್ಳಬಹುದಾದ್ದರಿಂದ ಇದಕ್ಕೆ ಒಟ್ಟು 3 × 3 × 3 × 3 × 3, ಅಂದರೆ 243 ಭಾಜಕಗಳಿವೆ.

ಇದನ್ನು ತಿಳಿದ ಮೇಲೆ ಆಚಾರ್ಯರ ಲೆಕ್ಕವೂ ತೆರೆದುಕೊಳ್ಳುತ್ತದೆ. 441 ಎಂದರೆ 21ರ ವರ್ಗ, ಅಂದರೆ 3 ಮತ್ತು 7ರ ಪಾಲು. 27994681 ಎಂದರೆ 5291ರ ವರ್ಗ, ಅಂದರೆ 11, 13, 37ರ ಪಾಲು. ಹಾರವನ್ನು ಎರಡು ತುಂಡಾಗಿಸಿ, ಕೂಡಿಸುವ ಕೆಲಸವನ್ನು ವಿದ್ಯಾರ್ಥಿಗೆ ಬಿಟ್ಟಂತಿದೆ!

ಮಿತಿ

ಒಂಬತ್ತು 1ಗಳ ವರ್ಗ 12345678987654321. ಹತ್ತು 1ಗಳಾದರೆ ನಡುವಿನ ಮೊತ್ತ 10 ಆಗಿ, ಕೈಯಲ್ಲಿ ಉಳಿದ 1 ಎಡಕ್ಕೆ ಸೇರಿ, ಉತ್ತರ 1234567900987654321 ಎಂದಾಗುತ್ತದೆ, ಹಾರ ಹರಿಯುತ್ತದೆ.

ಎಂ. ರಂಗಾಚಾರ್ಯರ ಇಂಗ್ಲಿಷ್ ಅನುವಾದದೊಡನೆ ಈ ಗ್ರಂಥವು 1912ರಲ್ಲಿ ಮದರಾಸಿನಲ್ಲಿ ಪ್ರಕಟವಾಯಿತು. ಪದ್ಮಾವತಮ್ಮನವರ ಕನ್ನಡ ಅನುವಾದವೂ ಇದೆ. ಪರಂಪರೆಯ ಬಗೆಗಿನ ಅಭಿಮಾನಕ್ಕೆ ಉತ್ಪ್ರೇಕ್ಷೆಯ ಆಸರೆ ಬೇಕಿಲ್ಲ. ಮನೆಯ ಮಕ್ಕಳೊಡನೆ ಕಾಗದದ ಮೇಲೆ ಆರು ಸಾಲುಗಳನ್ನು ಬರೆದು ಕೂಡಿಸಿದರೆ, ಆಚಾರ್ಯರು ಕಂಡ ಸೊಬಗು ನಮಗೂ ಕಾಣುತ್ತದೆ.